ಸಾಕ್ಷಿ ಹೇಳೋಕೆ ಕಷ್ಟ ಮುಗಿದಿರಲೇಬೇಕಾ?

ಡಿಸೆಂಬರ್ 31ರ ರಾತ್ರಿ ಆರಾಧನೆ ಮುಗಿಯುವಾಗ ನಮ್ಮ ಎಷ್ಟೋ ಕ್ರೈಸ್ತ ಸಭೆಗಳಲ್ಲಿ ವಾಗ್ದಾನದ ಕಾರ್ಡ್, ಅಂದರೆ ಹೊಸ ವರ್ಷಕ್ಕೆ ಅಂತ ಒಂದು ಬೈಬಲ್ ವಚನ ಇರುವ ಕಾರ್ಡ್, ಹಂಚುತ್ತಾರೆ. ಬೆಳಗಾಗುವಷ್ಟರಲ್ಲಿ ಅದು ಎಲ್ಲರ ವಾಟ್ಸಾಪ್ ಸ್ಟೇಟಸ್‌ನಲ್ಲಿ ಇರುತ್ತದೆ. ಯಾವ ವರ್ಷ ನೋಡಿದರೂ ಯೆರೆಮೀಯ 29:11 ಯಾರಿಗಾದರೂ ಬಂದೇ ಬಂದಿರುತ್ತದೆ. ನಿಮ್ಮ ಬಗ್ಗೆ ನಾನು ಯೋಚಿಸಿರುವುದು ಕೇಡನ್ನಲ್ಲ ಹಿತವನ್ನೇ, ನಿಮಗೆ ನಿರೀಕ್ಷೆ ಇದೆ, ಮುಂದೆ ಒಳ್ಳೆಯ ದಿನ ಇದೆ ಅನ್ನುವ ಮಾತು. ನನಗೂ ಇಷ್ಟದ ವಚನ. ನಮ್ಮ ಮನೆಯ ಫ್ರಿಜ್ ಮೇಲೂ ಅಂಟಿಕೊಂಡಿದೆ.

ಅದರ ಹಿಂದಿನ ವಚನವನ್ನು ಮಾತ್ರ ಯಾರೂ ಕಾರ್ಡ್ ಮಾಡಿಸಿದ್ದು ನಾನು ನೋಡಿಲ್ಲ. 29:10. ಬಾಬೆಲಿನಲ್ಲಿ 70 ವರ್ಷ ತುಂಬಿದ ಮೇಲೆ ನಿಮ್ಮನ್ನು ವಾಪಸ್ ಕರೆದುಕೊಂಡು ಬರುತ್ತೇನೆ ಅಂತ ಅಲ್ಲಿದೆ. 70 ವರ್ಷ! ಬಾಬೆಲಿಗೆ ಸೆರೆ ಹೋಗಿದ್ದ ಯೆಹೂದ್ಯರಿಗೆ ಪ್ರವಾದಿ ಯೆರೆಮೀಯ ಬರೆದ ಪತ್ರ ಇದು. ಯೆರೂಸಲೇಮಿನಿಂದ ಬಂದ ಆ ಪತ್ರವನ್ನು ಓದಿಸಿ ಕೇಳಿದವರಲ್ಲಿ ಒಂದಿಷ್ಟು ವಯಸ್ಸಾದವರಿಗೆಲ್ಲ ಅದರ ಅರ್ಥ ತಕ್ಷಣ ಆಗಿರುತ್ತದೆ. ನಾವು ಇಲ್ಲೇ ಸಾಯುತ್ತೇವೆ. ಊರು ನೋಡಿದರೆ ಮೊಮ್ಮಕ್ಕಳು ನೋಡಬೇಕು.

ಇನ್ನೊಂದು ಅಧ್ಯಾಯ ಹಿಂದೆ ಹೋದರೆ ಹನನ್ಯ ಅನ್ನುವ ಪ್ರವಾದಿ ಸಿಗುತ್ತಾನೆ. ಅವನು ಹೇಳಿದ್ದು ಎರಡೇ ವರ್ಷ. ಎರಡು ವರ್ಷದೊಳಗೆ ಎಲ್ಲರೂ ವಾಪಸ್, ದೇವಾಲಯದ ಪಾತ್ರೆಗಳೂ ವಾಪಸ್ ಅಂತ ಎಲ್ಲರೆದುರು ಸಾರಿ, ಬಾಬೆಲಿನ ಆಳ್ವಿಕೆಗೆ ತಲೆಬಾಗಿ ಅನ್ನೋದರ ಗುರುತಾಗಿ ಯೆರೆಮೀಯನ ಕುತ್ತಿಗೆ ಮೇಲಿದ್ದ ಮರದ ನೊಗವನ್ನು ತೆಗೆದು ಮುರಿದೇಬಿಟ್ಟ. ಕೇಳೋಕೆ ಎಷ್ಟು ಹಿತ ಅಲ್ವಾ? ಇವತ್ತಾಗಿದ್ದರೆ ಆ ವಿಡಿಯೋ ಎಲ್ಲ ಗ್ರೂಪಿಗೂ ಫಾರ್ವರ್ಡ್ ಆಗಿರುತ್ತಿತ್ತು. ಆದರೆ ದೇವರು ಅವನನ್ನು ಕಳಿಸಿರಲಿಲ್ಲ. ದೇವರ ಕಡೆಯಿಂದ ಬಂದ ಪತ್ರದಲ್ಲಿ ಇದ್ದದ್ದು ಬೇರೆ: ಮನೆ ಕಟ್ಟಿಕೊಳ್ಳಿ, ತೋಟ ಮಾಡಿ, ಅದರ ಹಣ್ಣು ತಿನ್ನಿ, ಮಕ್ಕಳಿಗೆ ಮದುವೆ ಮಾಡಿ, ನಿಮ್ಮನ್ನು ಸೆರೆ ಒಯ್ದ ಆ ಊರಿಗಾಗಿಯೇ ಪ್ರಾರ್ಥನೆ ಮಾಡಿ. ಅಂದರೆ ಕಷ್ಟದ ಒಳಗೇ ಸಂಸಾರ ಹೂಡಿ. ಆ ಇಷ್ಟದ ವಚನ ಬರೋದು ಇಷ್ಟೆಲ್ಲ ಆದ ಮೇಲೆ.

ಇದನ್ನೆಲ್ಲ ಯಾಕೆ ಹೇಳ್ತಿದ್ದೀನಿ ಅಂದರೆ, ನಮ್ಮ ಸಭೆಗಳ ಸಾಕ್ಷಿ ಸಮಯ, ಅಂದರೆ ದೇವರು ತಮಗೆ ಮಾಡಿದ್ದನ್ನು ಜನ ಎದ್ದು ನಿಂತು ಹೇಳುವ ಹೊತ್ತು, ಈಗೀಗ ಪೂರ್ತಿ ಹನನ್ಯನ ಕಡೆ ವಾಲಿದೆ ಅಂತ ನನಗೆ ಅನಿಸುತ್ತಿದೆ. ಯಾರು ಎದ್ದು ನಿಲ್ಲುತ್ತಾರೆ ನೋಡಿ. ಕೆಲಸ ಸಿಕ್ಕಿದವರು, ವೀಸಾ ಬಂದವರು, ಮಗು ಆದವರು, ಸ್ಕ್ಯಾನಿಂಗ್‌ನಲ್ಲಿ ಕಂಡ ಗಡ್ಡೆ ಮತ್ತೊಮ್ಮೆ ನೋಡಿದಾಗ ಕಾಣದೆ ಹೋದವರು. ಎಲ್ಲ ಸಂತೋಷದ ವಿಷಯವೇ. ನಾನೂ ಜೋರಾಗಿ ಸ್ತೋತ್ರ ಹೇಳುತ್ತೇನೆ. ಆದರೆ ಆ ಹೊತ್ತಿನಲ್ಲಿ ಏಳದೆ ಕೂತೇ ಇರುವವರೂ ಇದ್ದಾರೆ. ಅವರಿಗೆ ಮೈಕ್ ಹತ್ತಿರ ಬರೋಕೆ ಇನ್ನೂ ಅರ್ಹತೆ ಬಂದಿಲ್ಲ. ಮೊದಲು ಕಷ್ಟ ಮುಗಿಯಬೇಕು.

ನಮ್ಮ ಏರಿಯಾದ ಮನೆಗಳಲ್ಲಿ ನಡೆಯುವ ಕಾಟೇಜ್ ಪ್ರೇಯರ್‌ಗೆ ಒಬ್ಬ ಅಕ್ಕ ಬರುತ್ತಾರೆ. ಗಂಡನಿಗೆ ವಾರಕ್ಕೆ ಮೂರು ದಿನ ಡಯಾಲಿಸಿಸ್. ಅವರು ಬರೋದು ಯಾವಾಗಲೂ ಸ್ವಲ್ಪ ತಡ. ಕೂರೋದು ಬಾಗಿಲ ಪಕ್ಕದ ಕುರ್ಚಿಯಲ್ಲಿ, ಫೋನ್ ಬಂದರೆ ಎದ್ದು ಹೋಗೋಕೆ ಸುಲಭ ಅಂತ. ಮೊನ್ನೆ ಪ್ರಾರ್ಥನೆ ಮುಗಿದು ಟೀ ಕೊಡುವಾಗ ಒಬ್ಬರು ಅವರ ಭುಜದ ಮೇಲೆ ಕೈಯಿಟ್ಟು, "ನಂಬಿಕೆ ಇನ್ನೂ ಜಾಸ್ತಿ ಮಾಡ್ಕೊಳ್ಳಿ ಅಕ್ಕ, ಮುಂದಿನ ವರ್ಷ ನೀವೇ ಎದ್ದು ಸಾಕ್ಷಿ ಹೇಳ್ತೀರ" ಅಂದರು. ಅಕ್ಕ "ಆಮೆನ್" ಅಂದರು. ಬೇರೆ ಏನು ಹೇಳೋಕಾಗುತ್ತೆ? ಒಂದು ಕೈಯಲ್ಲಿ ಟೀ ಲೋಟ, ಇನ್ನೊಂದು ಕೈಯಲ್ಲಿ ಔಷಧಿ ಚೀಟಿ ಇದ್ದ ಪ್ಲಾಸ್ಟಿಕ್ ಕವರ್. ಮೆಡಿಕಲ್ ಶಾಪ್ ಮುಚ್ಚೋದರೊಳಗೆ ಹೋಗಬೇಕು ಅಂತ ಟೀಯನ್ನು ಅರ್ಧಕ್ಕೇ ಬಿಟ್ಟು ಹೊರಟರು.

ಹೇಳಿದವರು ಕೆಟ್ಟವರಲ್ಲ. ಅವರೇ ಆ ಮನೆಗೆ ಎಷ್ಟೋ ಸಲ ಅಡುಗೆ ಮಾಡಿಕೊಂಡು ಹೋಗಿ ಕೊಟ್ಟಿದ್ದಾರೆ. ನನಗೆ ಸಿಟ್ಟು ಬಂದದ್ದು ಆ ಮಾತಿನ ಒಳಗಿರುವ ಲೆಕ್ಕಕ್ಕೆ. ಕಷ್ಟ ಮುಗಿದರೆ ದೇವರು ನಂಬಿಗಸ್ತ. ಮುಗಿಯದಿದ್ದರೆ ನಿನ್ನ ನಂಬಿಕೆಯಲ್ಲೇ ಏನೋ ಕಮ್ಮಿ. ಈ ಲೆಕ್ಕದಲ್ಲಿ ಆ ಅಕ್ಕ ಗಂಡನನ್ನೂ ನೋಡ್ಕೋಬೇಕು, ತನ್ನ ನಂಬಿಕೆ ಎಷ್ಟಿದೆ ಅಂತ ದಿನಾ ಅಳೆದೂ ನೋಡ್ಕೋಬೇಕು. ತಿಮೊಥೆಯನಿಗೆ ಪೌಲ ಬರೆದದ್ದು ಇದಕ್ಕೆ ಪೂರ್ತಿ ಉಲ್ಟಾ. ನಾವು ನಂಬಿಗಸ್ತರಾಗಿ ಇರದಿದ್ದರೂ ಆತನು ನಂಬಿಗಸ್ತನಾಗಿಯೇ ಇರುತ್ತಾನೆ, ತನ್ನ ಸ್ವಭಾವಕ್ಕೆ ವಿರುದ್ಧವಾಗಿ ಆತನು ಇರಲಾರ ಅಂತ. ನಂಬಿಗಸ್ತಿಕೆ ದೇವರ ಗುಣ. ನಾವು ಅದನ್ನು ಯಾವಾಗ ರೋಗಿಯ ಮನೆಯವರಿಗೆ ಇಡುವ ಪರೀಕ್ಷೆ ಮಾಡಿಕೊಂಡೆವೋ ಗೊತ್ತಿಲ್ಲ.

ಕಷ್ಟದಲ್ಲಿ ದೇವರನ್ನು ನಂಬಿದವರು ಅಂದರೆ ಪ್ರಸಂಗಗಳಲ್ಲಿ ಪದೇ ಪದೇ ಬರುವ ಹೆಸರು ಇಂಗ್ಲೆಂಡಿನಿಂದ ಬಂದ ಮಿಷನರಿ ವಿಲಿಯಂ ಕೇರಿಯದು. ಆ ಕಥೆಯಲ್ಲಿ ಕನ್ನಡದವರ ಪಾಲೂ ಒಂದಿದೆ. ಅದನ್ನು ಮಾತ್ರ ಯಾಕೋ ಯಾರೂ ಹೇಳೋದಿಲ್ಲ.

1812ರ ಮಾರ್ಚ್ 11ರ ಸಂಜೆ. ಬಂಗಾಳದ ಸೆರಾಂಪುರದಲ್ಲಿ, ಹೂಗ್ಲಿ ನದಿ ದಡದಲ್ಲಿದ್ದ ಮಿಷನ್ ಪ್ರೆಸ್‌ಗೆ ಬೆಂಕಿ ಬಿತ್ತು. ಕೇರಿ ಕಲ್ಕತ್ತದಲ್ಲಿದ್ದರು. ಫೋರ್ಟ್ ವಿಲಿಯಂ ಕಾಲೇಜಿನಲ್ಲಿ ಪಾಠ ಹೇಳುವ ಕೆಲಸ. ಪ್ರೆಸ್ ನೋಡಿಕೊಳ್ಳುತ್ತಿದ್ದ ವಿಲಿಯಂ ವಾರ್ಡ್ ಬಾಗಿಲು ಕಿಟಕಿ ಎಲ್ಲ ಮುಚ್ಚಿಸಿ, ಒಳಗೆ ಗಾಳಿ ಹೋಗದಂತೆ ಮಾಡಿ ನೀರು ಸುರಿಸಿದರು. ಬೆಂಕಿ ಹತೋಟಿಗೆ ಬರುತ್ತಿತ್ತು. ಅಷ್ಟರಲ್ಲಿ ಯಾರೋ ಒಂದು ಕಿಟಕಿ ತೆಗೆದುಬಿಟ್ಟರು. ಮುಗೀತು. ಮಧ್ಯರಾತ್ರಿ ಹೊತ್ತಿಗೆ ಚಾವಣಿಯೇ ಕುಸಿಯಿತು. ಕಾಗದ ಹೋಯಿತು, ಹಲವು ಭಾಷೆಗಳ ಅಚ್ಚಿನ ಮೊಳೆಗಳು ಕರಗಿಹೋದವು. ಕೇರಿ ಮಾಡುತ್ತಿದ್ದ ಸಂಸ್ಕೃತ ನಿಘಂಟು, ತೆಲುಗು ವ್ಯಾಕರಣ, ರಾಮಾಯಣದ ಅನುವಾದದ ಭಾಗ, ಎಲ್ಲ ಬೂದಿ. ಅದೇ ರಾಶಿಯಲ್ಲಿ ಕನ್ನಡ ಹೊಸ ಒಡಂಬಡಿಕೆಯ ಹಸ್ತಪ್ರತಿಯೂ ಇತ್ತು.

ಕೇರಿಯ ಜೊತೆಗಾರ ಮಿಷನರಿ ಮಾರ್ಷ್‌ಮನ್ ಕಲ್ಕತ್ತಕ್ಕೆ ಹೋಗಿ ಸುದ್ದಿ ಮುಟ್ಟಿಸಿದರು. ಕೇರಿ ಬಂದು ಆ ಹೊಗೆಯ ನಡುವೆ ನಿಂತು ಅತ್ತರು. ಅಳುವುದು ಅಪನಂಬಿಕೆ ಅಂತ ಅವರಿಗೆ ಯಾರೂ ಹೇಳಿರಲಿಲ್ಲ ಅಂತ ಕಾಣುತ್ತದೆ. ಮುಂದಿನ ಭಾನುವಾರ ಅವರು ಪ್ರಸಂಗಕ್ಕೆ ಆರಿಸಿಕೊಂಡದ್ದು ಕೀರ್ತನೆ 46:10. ಶಾಂತರಾಗಿರಿ, ನಾನೇ ದೇವರೆಂದು ತಿಳಿದುಕೊಳ್ಳಿರಿ.

ಇಲ್ಲಿಂದ ಮುಂದೆ ಪ್ರಸಂಗಿಗಳ ಧ್ವನಿ ಏರುತ್ತದೆ. ಬ್ರಿಟನ್ನಿನ ಜನ ಸುಮಾರು ಎರಡು ತಿಂಗಳಲ್ಲಿ 10,000 ಪೌಂಡ್‌ನಷ್ಟು ಹಣ ಕೂಡಿಸಿದರು. ಮೊಳೆ ಎರಕ ಹೊಯ್ಯುವ ಅಚ್ಚುಗಳು ಅವಶೇಷದೊಳಗೆ ಹಾಳಾಗದೆ ಸಿಕ್ಕಿದವು. ಕರಗಿದ ಲೋಹವನ್ನೇ ಮತ್ತೆ ಎರಕ ಹೊಯ್ದು ಕೆಲಸ ಶುರು ಮಾಡಿದರು. ಹಲ್ಲೆಲೂಯ! ಇದೆಲ್ಲ ನಿಜ.

ಸರಿ, ಆ ಕನ್ನಡ ಹಸ್ತಪ್ರತಿ ಏನಾಯಿತು? ಮೊದಲಿಂದ ಮತ್ತೆ ಮಾಡಬೇಕಾಯಿತು. ಒಮ್ಮೆ ನಡೆದ ದಾರಿಯನ್ನು ಎರಡನೇ ಸಲ ನಡೆಯೋದು ಸುಲಭ ಅನ್ನುವ ಅರ್ಥದಲ್ಲಿ ಕೇರಿ ಬರೆದಿದ್ದಾರೆ. 1817ರಲ್ಲಿ ಅವರ ಕನ್ನಡ ವ್ಯಾಕರಣ ಅಚ್ಚಾಯಿತು. 1820ರ ದಶಕದ ಶುರುವಿನಲ್ಲಿ ಹೊಸ ಒಡಂಬಡಿಕೆಯೂ ಸೆರಾಂಪುರದಿಂದ ಹೊರಬಂತು. ಆದರೆ ನಮ್ಮ ಸಭೆಗಳಲ್ಲಿ ನೆಲೆ ನಿಂತದ್ದು ಆ ಅನುವಾದ ಅಲ್ಲವೇ ಅಲ್ಲ. 1810ರಲ್ಲಿ ಬಳ್ಳಾರಿಗೆ ಬಂದ ಲಂಡನ್ ಮಿಷನ್‌ನ ಜಾನ್ ಹ್ಯಾಂಡ್ಸ್ ತಮ್ಮ ಪಾಡಿಗೆ ತಾವು ಬೇರೆಯೇ ಅನುವಾದ ಮಾಡುತ್ತಿದ್ದರು. ಜೊತೆಗೆ ವಿಲಿಯಂ ರೀವ್ ಸೇರಿಕೊಂಡರು. 1831ರಲ್ಲಿ ಪೂರ್ತಿ ಬೈಬಲ್ ಕನ್ನಡದಲ್ಲಿ ಬಂತು. ಮುಂದೆ ಮಂಗಳೂರಿನ ಬಾಸೆಲ್ ಮಿಷನ್‌ನವರೂ ಅದರ ಪರಿಷ್ಕರಣೆಗೆ ಕೈ ಹಾಕಿದರು.

ಅಂದರೆ ಕಳೆದದ್ದನ್ನು ದೇವರು ಕೇರಿಗೆ ಇಮ್ಮಡಿಯಾಗಿ ವಾಪಸ್ ಕೊಟ್ಟರು ಅನ್ನುವ ಸಾಕ್ಷಿ ಕನ್ನಡದ ಮಟ್ಟಿಗೆ ನಿಲ್ಲುವುದೇ ಇಲ್ಲ. ಆ ಮನುಷ್ಯ ಸುಟ್ಟದ್ದನ್ನು ಮತ್ತೆ ಕೂತು ಬರೆದರು, ಬರೆದದ್ದೂ ಬಳಕೆಯಲ್ಲಿ ಉಳಿಯಲಿಲ್ಲ. ವಾಕ್ಯ ಮಾತ್ರ ನಮ್ಮ ಕೈಗೆ ಬಂತು, ಬೇರೆ ದಾರಿಯಲ್ಲಿ, ಬೇರೆಯವರ ಶ್ರಮದಿಂದ. ನನಗೆ ಈ ಕಥೆ ಹತ್ತು ಸಾವಿರ ಪೌಂಡ್‌ಗಿಂತ ದೊಡ್ಡದು. ದೇವರು ಕನ್ನಡದವರನ್ನು ಮರೆಯಲಿಲ್ಲ ಅನ್ನೋದು ಇನ್ನೂರು ವರ್ಷ ಆದಮೇಲೆ ಕನ್ನಡ ಬೈಬಲ್ ಹಿಡಿದು ಕೂತ ನನಗೆ ಕಾಣುತ್ತದೆ. ಬೂದಿ ಮುಂದೆ ನಿಂತ ಕೇರಿಗೆ ಅದು ಕಾಣುವ ಜಾಗದಲ್ಲಿ ಇರಲಿಲ್ಲ.

ಇನ್ನು ಅವರ ಮನೆಯ ಕಥೆ. ಇದನ್ನು ಪ್ರಸಂಗದಲ್ಲಿ ಬಿಟ್ಟೇಬಿಡುತ್ತಾರೆ, ಅಥವಾ ಒಂದೇ ಸಾಲಿನಲ್ಲಿ ದಾಟಿಸುತ್ತಾರೆ. ಹೆಂಡತಿ ಡೊರೊಥಿಗೆ ಭಾರತಕ್ಕೆ ಬರಲು ಇಷ್ಟವೇ ಇರಲಿಲ್ಲ. ಮೊದಲು ಬರಲ್ಲ ಅಂದವರು ಕೊನೇ ಗಳಿಗೆಯಲ್ಲಿ, ತಂಗಿಯೂ ಜೊತೆಗೆ ಬರುತ್ತಾಳೆ ಅಂದ ಮೇಲೆ ಒಪ್ಪಿದರು. 1793ರಲ್ಲಿ ಹಡಗು ಹತ್ತುವಾಗ ತೋಳಲ್ಲಿ ಎಳೇ ಕೂಸು. ಮರುವರ್ಷವೇ ಐದು ವರ್ಷದ ಮಗ ಪೀಟರ್ ಭೇದಿಯಿಂದ ಸತ್ತ. ಆಮೇಲೆ ಆ ತಾಯಿಯ ಮನಸ್ಸು ಕೆಟ್ಟಿತು. ಗಂಡ ತನಗೆ ಮೋಸ ಮಾಡುತ್ತಿದ್ದಾನೆ ಅನ್ನುವ ಭ್ರಮೆ ಹಿಡಿಯಿತು, ಅವರ ಮೇಲೆ ಕೈಮಾಡುವವರೆಗೂ ಹೋಯಿತು. ಕೊನೆಕೊನೆಗೆ ಕೋಣೆಯಲ್ಲಿ ಕೂಡಿಹಾಕಬೇಕಾಯಿತು. ಸುಮಾರು 12 ವರ್ಷ ಹೀಗೇ ನಡೆಯಿತು. 1807ರ ಡಿಸೆಂಬರ್‌ನಲ್ಲಿ ಡೊರೊಥಿ ತೀರಿಕೊಂಡರು. ಗುಣ ಆಗಲಿಲ್ಲ.

ಇಲ್ಲಿ ಕೇರಿಯನ್ನು ದೇವದೂತ ಮಾಡುವ ಆಸೆ ನನಗಿಲ್ಲ. ಒಲ್ಲದ ಹೆಂಡತಿಯನ್ನು ಒಪ್ಪಿಸಿ ಕರೆತಂದದ್ದು ಸರಿಯಾ ಅಂತ ಕೇಳುವವರಿದ್ದಾರೆ. ಕೇಳಲೇಬೇಕಾದ ಪ್ರಶ್ನೆ ಅದು. ನಾನು ಹೇಳೋದಿಷ್ಟೇ: ಆ 12 ವರ್ಷಗಳಲ್ಲಿ ಯಾವ ಭಾನುವಾರ ಕೇಳಿದ್ದರೂ ಆ ಮನೆಯಿಂದ ನಮ್ಮ ರೀತಿಯ ಸಾಕ್ಷಿ ಬರುತ್ತಿರಲಿಲ್ಲ. ಡೊರೊಥಿಗೆ ಪ್ರಾರ್ಥನೆ ಮಾಡೋಕೂ ಬಿಡದ ಆ ಕಾಯಿಲೆಯ ಒಳಗೆ ದೇವರು ಅವಳ ಕೈಬಿಟ್ಟಿದ್ದರು ಅಂತ ನಾನು ನಂಬೋದಿಲ್ಲ. ಹಾಗೆ ನಂಬಬೇಕಾದರೆ ದೇವರ ನಂಬಿಗಸ್ತಿಕೆ ನಮ್ಮ ತಲೆ ಸರಿ ಇರೋದರ ಮೇಲೆ ನಿಂತಿದೆ ಅಂತ ಆಗುತ್ತದೆ.

ಬೈಬಲ್ ಈ ವಿಷಯದಲ್ಲಿ ನಮಗಿಂತ ಪ್ರಾಮಾಣಿಕ. ಇಬ್ರಿಯ 11 ತೆಗೆಯಿರಿ. ಸಿಂಹಗಳ ಬಾಯಿ ಕಟ್ಟಿದರು, ಬೆಂಕಿಯ ಬಲ ಆರಿಸಿದರು, ಸತ್ತವರು ಎದ್ದು ಬಂದರು. 35ನೇ ವಚನದ ಅರ್ಧದವರೆಗೆ ಎಲ್ಲ ಜಯವೇ. ಅದೇ ವಚನದ ಉಳಿದರ್ಧದಿಂದ ಬೇರೆ ಜನ ಶುರುವಾಗುತ್ತಾರೆ. ಏಟು ತಿಂದವರು, ಸೆರೆಮನೆ ಸೇರಿದವರು, ಗರಗಸದಿಂದ ಕೊಯ್ಯಿಸಿಕೊಂಡವರು, ಕುರಿ ಮೇಕೆ ಚರ್ಮ ಸುತ್ತಿಕೊಂಡು ಅಲೆದವರು. ಇವರಿಗೆ ನಂಬಿಕೆ ಕಮ್ಮಿ ಇತ್ತು ಅಂತ ಬರೆದಿಲ್ಲ. ಒಂದೇ ಪಟ್ಟಿ, ಒಂದೇ ನಂಬಿಕೆ, ಒಬ್ಬನೇ ದೇವರು. 88ನೇ ಕೀರ್ತನೆಯಂತೂ ಕತ್ತಲೆಯಲ್ಲೇ ಮುಗಿಯುತ್ತದೆ, ಕೊನೆಯಲ್ಲಿ ಒಂದು ಸ್ತೋತ್ರವೂ ಇಲ್ಲ. ಆದರೂ ಅದು ಶುರುವಾಗೋದು ನನ್ನನ್ನು ರಕ್ಷಿಸುವ ದೇವರೇ ಅಂತ ಕರೆದು. ದೂರು ಹೇಳುತ್ತಿರೋದು ಆತನ ಹತ್ತಿರವೇ. ನನ್ನ ಪ್ರಕಾರ ಅದು ನಂಬಿಕೆ. ಯಾರೂ ಆ ಕೀರ್ತನೆಯನ್ನು ಬೈಬಲಿನಿಂದ ಕಿತ್ತುಹಾಕಲಿಲ್ಲ.

"ಹಾಗಾದ್ರೆ ದೇವರು ಈಗ ಗುಣ ಮಾಡಲ್ವಾ? ಸುಮ್ನೆ ಕಷ್ಟ ಸಹಿಸ್ಕೊಂಡು ಕೂತಿರ್ಬೇಕಾ?" ಅಂತ ಕಾಮೆಂಟ್ ಬರುತ್ತೆ ಅಂತ ಗೊತ್ತು. ಗುಣ ಮಾಡುತ್ತಾನೆ. ನಾನು ಗುಣಕ್ಕಾಗಿಯೇ ಪ್ರಾರ್ಥಿಸುತ್ತೇನೆ, ಉಪವಾಸವನ್ನೂ ಮಾಡುತ್ತೇನೆ, ಒಳ್ಳೆಯ ಡಾಕ್ಟರ್ ಯಾರಿದ್ದಾರೆ ಅಂತಲೂ ವಿಚಾರಿಸುತ್ತೇನೆ. ಪೌಲ ತನ್ನನ್ನು ಕಾಡುತ್ತಿದ್ದ ಬಾಧೆಯನ್ನು ಶೂಲ ಅಂತ ಕರೆದು, ಅದನ್ನು ತೆಗೆದುಹಾಕು ಅಂತ ಮೂರು ಸಾರಿ ಬೇಡಿಕೊಂಡ, ಬೇಡಿದ್ದು ತಪ್ಪು ಅಂತ ಯಾರೂ ಅವನನ್ನು ಗದರಿಸಲಿಲ್ಲ. ಶೂಲ ಹೋಗಲಿಲ್ಲ, ನನ್ನ ಕೃಪೆ ನಿನಗೆ ಸಾಕು ಅನ್ನುವ ಉತ್ತರ ಬಂತು. ಒಂದು ವಿಷಯ ಮಾತ್ರ ಹೇಳಿಬಿಡುತ್ತೇನೆ. ಈ ಕೃಪೆಯ ವಚನವನ್ನು ಕಷ್ಟದಲ್ಲಿ ಇರುವವರು ತಮ್ಮ ಬಾಯಿಂದ ಹೇಳಿದರೆ ಅದಕ್ಕೊಂದು ತೂಕ. ಅದನ್ನೇ ನಾವು ಎಸಿ ರೂಮಿನಿಂದ ಮೆಸೇಜ್ ಮಾಡಿದರೆ ಕೆನ್ನೆಗೆ ಹೊಡೆದ ಹಾಗೆ.

ನಮ್ಮ ಪಾಸ್ಟರ್ ಹತ್ತಿರ ಒಂದು ಮಾತು ಕೇಳಿದ್ದೇನೆ. ಸಾಕ್ಷಿ ಸಮಯದಲ್ಲಿ, ಉತ್ತರ ಇನ್ನೂ ಸಿಗದವರು ಯಾರಾದರೂ ಮಾತಾಡ್ತೀರಾ ಅಂತ ಒಂದು ಸಲ ಕರೆದು ನೋಡಿ ಅಂತ. ಅವರು ನಕ್ಕು, ಯಾರು ಬರ್ತಾರೆ ಅಂದರು. ಆಮೇಲೆ ನೋಡೋಣ ಅಂದರು. ಮೊದಲ ವಾರ ಯಾರೂ ಏಳದೇ ಇರಬಹುದು. ಇಷ್ಟು ವರ್ಷ ಕೂತೇ ಅಭ್ಯಾಸ ಆದವರು ಒಂದೇ ಸಲಕ್ಕೆ ಹೇಗೆ ಏಳ್ತಾರೆ?

ಅಲ್ಲಿಯವರೆಗೆ ಇನ್ನೊಂದು ಕೆಲಸ ಇದೆ. ಆ ಅಕ್ಕನ ಗಂಡನಿಗೆ ಮಂಗಳವಾರ, ಗುರುವಾರ, ಶನಿವಾರ ಡಯಾಲಿಸಿಸ್. ಬೆಳಗ್ಗೆ ಆರಕ್ಕೇ ಹೊರಡಬೇಕು, ಆ ಹೊತ್ತಿಗೆ ಆಟೋದವರು ಬಾಯಿಗೆ ಬಂದಷ್ಟು ಕೇಳುತ್ತಾರೆ. ಕಾರು ಇರುವವರು ಬರ್ತೀರಾ ಅಂತ ಗ್ರೂಪ್‌ನಲ್ಲಿ ಹಾಕಿದ್ದೆವು. ಇಬ್ಬರು ಒಪ್ಪಿಕೊಂಡಿದ್ದಾರೆ. ಶನಿವಾರಕ್ಕೆ ಇನ್ನೂ ಒಬ್ಬರು ಬೇಕು. ನಮ್ಮ ಸಭೆಯವರು ಯಾರಾದರೂ ಇದನ್ನು ಓದುತ್ತಿದ್ದರೆ ಇನ್‌ಬಾಕ್ಸ್ ಮಾಡಿ.