ಹೃದಯದ ಚಿತ್ರ ಬಿಡಿಸುವ ಮಕ್ಕಳು ಎದೆ ಒತ್ತುವುದನ್ನೂ ಕಲಿಯಲಿ

ಕಳೆದ ವರ್ಷ ದಾವಣಗೆರೆಯ ಒಂದು ಕಲ್ಯಾಣ ಮಂಟಪದಲ್ಲಿ ಊಟಕ್ಕೆ ಕಾದು ನಿಂತಿದ್ದ, ಐವತ್ತರ ಆಸುಪಾಸಿನವರೊಬ್ಬರು ಇದ್ದಕ್ಕಿದ್ದಂತೆ ಕುಸಿದುಬಿದ್ದರು. ಒಬ್ಬರು ಮುಖಕ್ಕೆ ನೀರು ಚಿಮುಕಿಸಿದರು, ಇನ್ನೊಬ್ಬರು ಟವೆಲ್ಲಿನಿಂದ ಗಾಳಿ ಬೀಸಿದರು, ಮೂರ್ಛೆ ರೋಗವಿರಬೇಕೆಂದು ಯಾರೋ ಅಂಗೈಗೆ ಬೀಗದ ಕೈ ಒತ್ತಿದರು. ಅವರು ಆಗೊಮ್ಮೆ ಈಗೊಮ್ಮೆ ಗೊರಕೆಯಂತೆ ಉಸಿರೆಳೆಯುತ್ತಿದ್ದುದನ್ನು ಕಂಡು ‘ಉಸಿರಿದೆ, ಉಸಿರಿದೆ’ ಎಂದು ನಾವೆಲ್ಲ ಸಮಾಧಾನಪಟ್ಟುಕೊಂಡೆವು. ಆಸ್ಪತ್ರೆ ಮುಟ್ಟುವ ಹೊತ್ತಿಗೆ ಎಲ್ಲ ಮುಗಿದಿತ್ತು. ಇಪ್ಪತ್ತೆರಡು ವರ್ಷಗಳಿಂದ ಹೃತ್ಕರ್ಣ, ಹೃತ್ಕುಕ್ಷಿಗಳ ಚಿತ್ರ ಬಿಡಿಸಿ ಪಾಠ ಮಾಡುತ್ತಿರುವ ನಾನೂ ಆ ಗುಂಪಿನಲ್ಲಿ ಸುಮ್ಮನೆ ನಿಂತಿದ್ದೆ.

ಆ ಗೊರಕೆ ಉಸಿರಾಟವೇ ಅಲ್ಲ, ಹೃದಯ ನಿಂತ ಮೊದಲ ಕೆಲವು ನಿಮಿಷಗಳಲ್ಲಿ ಮಿದುಳಿನ ಕಾಂಡದಿಂದ ಹೊರಡುವ ಬರಿಯ ತೇಕು ಎಂಬುದು ನನಗೆ ಆಮೇಲೆ ತಿಳಿಯಿತು. ನಾವು ಅದನ್ನು ಜೀವವಿರುವ ಗುರುತೆಂದೋ ಕೊನೆಯುಸಿರೆಂದೋ ತಿಳಿದು ಬಾಯಿಗೆ ನೀರು ಬಿಡುತ್ತೇವೆ; ಅದು ಶ್ವಾಸನಾಳಕ್ಕಿಳಿದರೆ ಇನ್ನಷ್ಟು ಅಪಾಯ. ಕೂಗಿದರೂ ತಟ್ಟಿದರೂ ಎಚ್ಚರವಿಲ್ಲ, ಉಸಿರಾಟ ಸಹಜವಾಗಿಲ್ಲ ಎಂದಾದರೆ 108ಕ್ಕೆ ಕರೆ ಮಾಡಿಸಿ, ಎದೆಯ ನಡುಮಧ್ಯೆ ಎರಡೂ ಅಂಗೈಗಳನ್ನು ಒಂದರ ಮೇಲೊಂದಿಟ್ಟು, ಮೊಣಕೈ ಮಡಿಸದೆ, ನಿಮಿಷಕ್ಕೆ 100ರಿಂದ 120 ಬಾರಿ, ಐದಾರು ಸೆಂಟಿಮೀಟರ್ ಆಳಕ್ಕೆ ಒತ್ತಬೇಕು. ರಕ್ತ ಹರಿಯದಿದ್ದರೆ ನಾಲ್ಕಾರು ನಿಮಿಷಗಳಲ್ಲೇ ಮಿದುಳು ಹಾಳಾಗತೊಡಗುತ್ತದೆ. ಜಗಳೂರಿನ ಒಳಹಳ್ಳಿಗಿರಲಿ, ಸಂಜೆಯ ದಟ್ಟಣೆಯಲ್ಲಿ ನಮ್ಮ ಪೇಟೆಗೂ ಅಷ್ಟರೊಳಗೆ ಆಂಬುಲೆನ್ಸ್ ಬರುವುದು ಕಷ್ಟ.

ಆದ್ದರಿಂದ ಎಂಟನೆಯ ತರಗತಿಯಿಂದಲೇ ಇದನ್ನು ಕಲಿಸಬೇಕೆಂಬುದು ನನ್ನ ಅಭಿಪ್ರಾಯ. ಡೆನ್ಮಾರ್ಕ್ 2005ರಲ್ಲಿಯೇ ಶಾಲೆಗಳಲ್ಲಿ ಇದನ್ನು ಕಡ್ಡಾಯಗೊಳಿಸಿದೆ. ಹನ್ನೆರಡರ ವಯಸ್ಸಿನಿಂದ ವರ್ಷಕ್ಕೆ ಎರಡು ಗಂಟೆ ಕಲಿಸಬೇಕೆಂಬ ಕರೆಗೆ ವಿಶ್ವ ಆರೋಗ್ಯ ಸಂಸ್ಥೆ 2015ರಲ್ಲಿ ಸಮ್ಮತಿ ನೀಡಿದೆ. ಆದರೆ ದಯವಿಟ್ಟು ಇದನ್ನು ಇನ್ನೊಂದು ಪಾಠವಾಗಿಸಿ, ಕೊನೆಗೆ ‘ಎರಡು ಅಂಕದ ಪ್ರಶ್ನೆ’ ಹಾಕಬೇಡಿ. ಕೈಗೆ ಬರಬೇಕಾದ ವಿದ್ಯೆ ಬಾಯಿಪಾಠದಿಂದ ಬರುವುದಿಲ್ಲ. ಬೊಂಬೆ ಇಲ್ಲವೆಂದರೆ ಹತ್ತಿ ಬಿಗಿಯಾಗಿ ತುಂಬಿದ ದಿಂಬು ಅಭ್ಯಾಸಕ್ಕೆ ಸಾಕು. ಎರಡು ವೈದ್ಯಕೀಯ ಕಾಲೇಜುಗಳಿರುವ ಊರಿನಲ್ಲಿ ಕಲಿಸುವವರಿಗೆ ಬರವೂ ಇಲ್ಲ.

ನಮ್ಮ ಜಿಲ್ಲೆಯ ಮಕ್ಕಳಿಗೆ ನೀರಿನ ವಿಷಯವನ್ನು ಬೇರೆಯಾಗಿಯೇ ಹೇಳಬೇಕು. ಬೇಸಿಗೆ ರಜೆಯಲ್ಲಿ ಭದ್ರಾ ನಾಲೆಗೆ, ಸೂಳೆಕೆರೆಗೆ ಇಳಿಯುವವರು ಅವರೇ. ಮುಳುಗುವವನನ್ನು ಕಂಡು ಜೊತೆಗಾರನೂ ಹಾರುವುದಕ್ಕಿಂತ ಹಗ್ಗವನ್ನೋ ಕೋಲನ್ನೋ ಖಾಲಿ ಕೊಡವನ್ನೋ ಕೊಡುವುದು ಮೇಲು. ಮೇಲೆತ್ತಿದ ಮೇಲೆ ತಲೆಕೆಳಗೆ ಮಾಡಿ, ಹೊಟ್ಟೆ ಅದುಮಿ ನೀರು ಕಕ್ಕಿಸುವ ನಮ್ಮ ಪದ್ಧತಿ ಅಮೂಲ್ಯ ಸಮಯವನ್ನು ತಿನ್ನುತ್ತದೆ. ಅಲ್ಲಿ ಕೊರತೆಯಾಗಿರುವುದು ಗಾಳಿಯಾದ್ದರಿಂದ ಬರೀ ಎದೆ ಒತ್ತಿದರೆ ಸಾಲದು, ಬಾಯಿಂದ ಬಾಯಿಗೆ ಉಸಿರನ್ನೂ ಕೊಡಬೇಕು.

ಪಕ್ಕೆಲುಬು ಮುರಿದರೆ ಯಾರು ಹೊಣೆ ಎಂದು ನನ್ನ ಸಹೋದ್ಯೋಗಿಯೊಬ್ಬರು ಕೇಳಿದರು. ಮುರಿಯಬಹುದು, ಮುರಿದದ್ದು ಕೂಡಿಕೊಳ್ಳುತ್ತದೆ. ರಸ್ತೆ ಅಪಘಾತದಲ್ಲಿ ಸದುದ್ದೇಶದಿಂದ ನೆರವಾದವರಿಗೆ ಮೋಟಾರು ವಾಹನ ಕಾಯ್ದೆಯ 2019ರ ತಿದ್ದುಪಡಿ ರಕ್ಷಣೆಯನ್ನೂ ಕೊಟ್ಟಿದೆ.

ಹೋದ ತಿಂಗಳು ನಮ್ಮ ಶಾಲೆಯಲ್ಲಿ ದಿಂಬುಗಳನ್ನಿಟ್ಟು ಆರಂಭಿಸಿದೆವು. ಒಂಬತ್ತನೆಯ ತರಗತಿಯ ಹುಡುಗಿಯೊಬ್ಬಳು ಬೆವರೊರೆಸಿಕೊಳ್ಳುತ್ತ, ‘ಸರ್, ಆಂಬುಲೆನ್ಸ್ ಬರೋ ತನಕ ನಾನೊಬ್ಬಳೇ ಒತ್ತಬೇಕಾ?’ ಎಂದು ಕೇಳಿದಳು. ಎರಡು ನಿಮಿಷಕ್ಕೊಮ್ಮೆ ಒತ್ತುವವರು ಬದಲಾಗಬೇಕು ಎಂದೆ. ಅವಳು ಹಿಂದಿರುಗಿ, ಗೋಡೆಗೊರಗಿ ನಗುತ್ತಿದ್ದ ಹುಡುಗರನ್ನು ದಿಂಬಿನ ಬಳಿಗೆ ಕರೆದಳು.