ಏಳು, ಹನ್ನೊಂದು, ಇಪ್ಪತ್ತು

ನನ್ನ ತಿಂಗಳಿಗೆ ಮೂರೇ ತಾರೀಖು. 7ಕ್ಕೆ ಟಿಡಿಎಸ್, ಅಂದರೆ ಸಂಬಳ, ಬಿಲ್ಲು ಕೊಡುವಾಗ ಮುರಿದುಕೊಂಡ ತೆರಿಗೆ, ಕಟ್ಟಬೇಕು. 11ಕ್ಕೆ ಜಿಎಸ್‌ಟಿಆರ್-1, ಅಂದರೆ ಮಾರಾಟದ ವಿವರ ಕೊಡುವ ರಿಟರ್ನ್, ಹಾಕಬೇಕು. 20ಕ್ಕೆ 3ಬಿ, ತಿಂಗಳ ತೆರಿಗೆ ಲೆಕ್ಕ ಹಾಕಿ ಕಟ್ಟುವ ರಿಟರ್ನ್. ಅಕೌಂಟ್ಸ್‌ನಲ್ಲಿರುವವರಿಗೆ ಇದನ್ನು ಬಿಡಿಸಿ ಹೇಳಬೇಕಿಲ್ಲ. 2017ರ ಜುಲೈಗೆ ಮೊದಲು ವ್ಯಾಟ್ ಇತ್ತು, ಆಗ ಬೇರೆ ತಾರೀಖು, ಅಷ್ಟೇ ವ್ಯತ್ಯಾಸ. ಹದಿನಾರು ವರ್ಷ ಹೀಗೇ ಕಳೆದಿವೆ.

ಎರಡು ವರ್ಷದ ಹಿಂದೆ ಮಗಳಿಗೆ ಶಾಲೆಯಲ್ಲಿ ಮನೆಯವರ ಬಗ್ಗೆ ಒಂದು ಪುಟ ಬರೆಯೋಕೆ ಹೇಳಿದ್ದರು. "ಅಮ್ಮಾ, ಹೋದ ವರ್ಷ ನೀನೇನು ಮಾಡಿದೆ?" ಅಂತ ಪೆನ್ಸಿಲ್ ಹಿಡಿದು ಕೂತಳು. ನನಗೆ ಒಂದೂ ಹೊಳೆಯಲಿಲ್ಲ. ಒಂದು ರಿಟರ್ನೂ ತಡವಾಗಿರಲಿಲ್ಲ, ಅದು ನಿಜ. ಆದರೆ ಅದನ್ನು ಮಗುವಿನ ಪುಸ್ತಕದಲ್ಲಿ ಹೇಗೆ ಬರೆಸೋದು? ಅವತ್ತು ರಾತ್ರಿ ನಿದ್ದೆ ಬರಲಿಲ್ಲ.

ಕೆಲಸ ಬದಲಾಯಿಸು ಅಂತ ಎಲ್ಲರೂ ಹೇಳುತ್ತಾರೆ. ನಾನು ಒಮ್ಮೆ ಬದಲಾಯಿಸಿಯೂ ನೋಡಿದ್ದೆ. ಸಂಬಳ ಜಾಸ್ತಿ ಆಯಿತು. ತಾರೀಖುಗಳು ಅವೇ ಮೂರು. ಎಲ್ಲ ಬಿಟ್ಟು ಇಷ್ಟ ಬಂದದ್ದನ್ನು ಮಾಡು ಅನ್ನುವವರೂ ಇದ್ದಾರೆ. ಮನೆ ಸಾಲದ ಕಂತು ಕಟ್ಟುತ್ತಿರುವವರಿಗೆ ಈ ಮಾತು ಹೇಳಬಾರದು ಅನ್ನಿಸುತ್ತದೆ ನನಗೆ.

ಆ ವರ್ಷ ಯುಗಾದಿಗೆ ಕೋಲಾರದ ಕಡೆಯ ನಮ್ಮೂರಿಗೆ ಹೋಗಿದ್ದೆವು. ಕೆರೆ ಏರಿಯ ಕೆಳಗೆ ಒಂದು ಕಲ್ಲಿದೆ. ಚಿಕ್ಕವಳಿದ್ದಾಗ ಅದಕ್ಕೆ ಒರಗಿ ಕೂತು ಹುಣಸೆಹಣ್ಣು ತಿಂದವಳು ನಾನು. ಸಂಜೆ ಐದೂವರೆ ಇರಬೇಕು, ಬಿಸಿಲು ಪಕ್ಕದಿಂದ ಬೀಳುತ್ತಿತ್ತು. ಕಲ್ಲಿನ ಮೇಲೆ ಸಾಲು ಸಾಲು ಅಕ್ಷರ! ಅಷ್ಟು ವರ್ಷ ಕಂಡೇ ಇರಲಿಲ್ಲ. ಮಧ್ಯಾಹ್ನದ ನೆತ್ತಿ ಬಿಸಿಲಲ್ಲಿ ಸವೆದ ಅಕ್ಷರ ಕಾಣೋದಿಲ್ಲ. ಓರೆ ಬಿಸಿಲು ಬಿದ್ದರೆ ಕೊರೆದ ಗೀರಿನೊಳಗೆ ನೆರಳು ನಿಲ್ಲುತ್ತದೆ, ಆಗ ಎದ್ದು ಕಾಣುತ್ತವೆ. ಇದನ್ನು ಆಮೇಲೆ ಕಲಿತೆ. ರಾತ್ರಿಯಾದರೆ ಟಾರ್ಚನ್ನು ಪಕ್ಕದಿಂದ ಹಿಡಿದರೂ ಸಾಕು.

ಊರಿಂದ ಬಂದ ಮೇಲೆ ಶಾಸನ ಓದೋದನ್ನು ಕಲಿಸುವ ಭಾನುವಾರದ ತರಗತಿಗೆ ಸೇರಿದೆ. ಭಾನುವಾರ ಬೆಳಿಗ್ಗೆ ಹೆಂಗಸು ಮನೆ ಬಿಟ್ಟು ಹೋಗುತ್ತಾಳೆ ಅಂದರೆ ಹತ್ತು ಪ್ರಶ್ನೆ ಬರುತ್ತವೆ. ಗಂಡಸರು ಕ್ರಿಕೆಟ್‌ಗೆ ಹೋದರೆ ಯಾರೂ ಕೇಳೋದಿಲ್ಲ, ಅಲ್ವಾ? ನಾನು ಉತ್ತರ ಕೊಡೋದನ್ನು ಬಿಟ್ಟೆ. ತಿಂಡಿ ಮನೆಯವರೇ ಮಾಡಿಕೊಂಡರು.

ತರಗತಿಯಲ್ಲಿ ನನ್ನ ಪಕ್ಕ ಕೂತ ಹುಡುಗನಿಗೆ ಇಪ್ಪತ್ತು ವರ್ಷ. ನನಗಿಂತ ಬೇಗ ಓದುತ್ತಿದ್ದ. ಆಫೀಸಿನಲ್ಲಿ ಏನೇ ಸಂದೇಹ ಬಂದರೂ ಎಲ್ಲರೂ ನನ್ನ ಟೇಬಲ್ ಹತ್ತಿರ ಬರುತ್ತಾರೆ. "ನನಗೆ ಗೊತ್ತಿಲ್ಲ" ಅಂದು ಎಷ್ಟು ವರ್ಷ ಆಗಿತ್ತೋ. ಇಲ್ಲಿ ಅ, ಆ, ಇ, ಈ ಇಂದ ಶುರು. ಕಾಪಿ ಪುಸ್ತಕದಲ್ಲಿ ಗಂಗರ ಕಾಲದ 'ಕ' ತಿದ್ದಿದೆ, ಕೈ ನೋಯುವಷ್ಟು ತಿದ್ದಿದೆ. ಬೇಜಾರಿನಿಂದ ಜಡ್ಡು ಹಿಡಿಯುತ್ತದೆ ಅಂದುಕೊಂಡಿದ್ದೆ. ನನಗೆ ಜಡ್ಡು ಹಿಡಿದದ್ದು ಎಲ್ಲ ಗೊತ್ತಿದ್ದುದರಿಂದ.

ನಾನು ಮೊದಲು ಓದಿದ ಪದ 'ತುಱು'. ದನ ಅಂತ ಅರ್ಥ. ತುರುಗಾಹಿ ಅನ್ನುತ್ತೇವಲ್ಲ, ಅದೇ ತುರು. ಆ 'ಱ' ಈಗ ನಮ್ಮ ಬಳಕೆಯಲ್ಲೇ ಇಲ್ಲ. ವೀರಗಲ್ಲುಗಳಲ್ಲಿ ಈ ಪದ ಮತ್ತೆ ಮತ್ತೆ ಬರುತ್ತದೆ. ಊರ ದನಗಳನ್ನು ಶತ್ರುಗಳು ಹೊಡೆದುಕೊಂಡು ಹೋದಾಗ, ಹೋರಾಡಿ ಬಿಡಿಸಿ ತಂದು ಸತ್ತವನ ಕಲ್ಲು ಅದು. ಸಾಮಾನ್ಯವಾಗಿ ಕೆಳಗಿನ ಪಟ್ಟಿಕೆಯಲ್ಲಿ ಯುದ್ಧ, ನಡುವೆ ಅವನನ್ನು ಕರೆದೊಯ್ಯುವ ಅಪ್ಸರೆಯರು, ಮೇಲೆ ಲಿಂಗದ ಮುಂದೆ ಕೂತ ಅವನೇ. 'ತುಱು' ಅನ್ನುವ ಆ ಎರಡೇ ಅಕ್ಷರ ಕೂಡಿ ಬಂದಾಗ ನನಗೆ ಕಣ್ಣಲ್ಲಿ ನೀರು ಬಂತು.

ಬೇಗೂರಿನ ನಾಗೇಶ್ವರ ದೇವಸ್ಥಾನದಲ್ಲಿ ಸುಮಾರು 1,100 ವರ್ಷ ಹಿಂದಿನ ಕಲ್ಲಿದೆ. ಬೆಂಗಳೂರು ಅನ್ನುವ ಹೆಸರು, ಆ ಊರಲ್ಲಿ ನಡೆದ ಕಾಳಗದ ಮಾತು ಅದರಲ್ಲಿವೆ. ಕೆಂಪೇಗೌಡರು ಹುಟ್ಟೋಕೆ ಆರು ಶತಮಾನ ಮೊದಲಿನದು. ನಾನು ಹೊಸೂರು ರಸ್ತೆಯಲ್ಲಿ ಆರು ವರ್ಷ ಆಫೀಸಿಗೆ ಓಡಾಡಿದ್ದೇನೆ, ಅಷ್ಟು ಹತ್ತಿರದ ಬೇಗೂರಿಗೆ ಒಮ್ಮೆಯೂ ಹೋಗಿರಲಿಲ್ಲ. ಹೆಬ್ಬಾಳದಲ್ಲಿ 2018ರಲ್ಲಿ ಸಿಕ್ಕ, ಕಿತ್ತಯ್ಯ ಅನ್ನುವ ವೀರನ ಕಲ್ಲು ಇನ್ನೂ ಹಳೆಯದು, ಎಂಟನೇ ಶತಮಾನದ್ದು. ಮಗಳನ್ನು ಎರಡೂ ಕಡೆ ಕರೆದುಕೊಂಡು ಹೋದೆ.

ಕೆಲಸ ಈಗಲೂ ಅದೇ. 20ನೇ ತಾರೀಖು ಬಂದರೆ ಈಗಲೂ ತಲೆ ಬಿಸಿಯಾಗುತ್ತದೆ. ಆದರೆ ಸೋಮವಾರ ಬೆಳಿಗ್ಗೆ ಹೊಟ್ಟೆಯಲ್ಲಿ ಕಲ್ಲು ಇಟ್ಟ ಹಾಗೆ ಆಗುತ್ತಿತ್ತಲ್ಲ, ಅದು ಹೋಗಿದೆ. ಹೊಸದಾಗಿ ಸೇರಿದ ಹುಡುಗಿ ತಪ್ಪು ಎಂಟ್ರಿ ಹಾಕಿದರೆ ಮೊದಲಿನ ಹಾಗೆ ಸಿಡಿಮಿಡಿ ಮಾಡೋದಿಲ್ಲ. ತಿದ್ದುವ ಕೈ ಹೇಗೆ ನಡುಗುತ್ತದೆ ಅಂತ ನನಗೀಗ ಗೊತ್ತು.

ನಮ್ಮೂರಿನ ಕಲ್ಲೂ ವೀರಗಲ್ಲೇ, ಅದನ್ನು ಪೂರ್ತಿ ಓದೋಕೆ ಇನ್ನೂ ಆಗಿಲ್ಲ. ಬಿ.ಎಲ್. ರೈಸ್ ಅವರ ಶಾಸನ ಸಂಗ್ರಹ ಎಪಿಗ್ರಾಫಿಯಾ ಕರ್ನಾಟಿಕಾದ ಹತ್ತನೇ ಸಂಪುಟ ಕೋಲಾರ ಜಿಲ್ಲೆಯದು, 1905ರಲ್ಲಿ ಬಂದದ್ದು. ಅದರಲ್ಲಿ ಹುಡುಕಿದೆ. ಪಕ್ಕದ ಊರಿನ ಕಲ್ಲಿದೆ, ನಮ್ಮದು ಇಲ್ಲ. ಆಗ ಮಣ್ಣಲ್ಲಿ ಹೂತಿತ್ತೋ ಏನೋ. ಆ ವೀರನ ಹೆಸರಿನಲ್ಲಿ ಎರಡು ಅಕ್ಷರ ಓದಿದ್ದೇನೆ. ಮೂರನೆಯದು ಸವೆದಿದೆ, 'ವ'ನೋ 'ಮ'ನೋ ತಿಳಿಯುತ್ತಿಲ್ಲ. ಮುಂದಿನ ಶನಿವಾರ ರಾತ್ರಿ ಮತ್ತೆ ಹೋಗುತ್ತೇನೆ. ಟಾರ್ಚ್ ಹಿಡಿಯೋಕೆ ಅಪ್ಪ ಬರುತ್ತಾರಂತೆ.