ತಾರೀಕು ಮಹಾತ್ಮೆ

ಇತಿಹಾಸ ಓದೋಕೆ ಈಗ ಪುಸ್ತಕವೇನೂ ಬೇಡ. ಬೆಳಗ್ಗೆ ಎದ್ದು ಫೋನ್ ನೋಡಿದರೆ ಸಾಕು, ‘ಇತಿಹಾಸದಲ್ಲಿ ಈ ದಿನ’ ಬಂದು ಕೂತಿರುತ್ತದೆ. ಒಂದು ಸಾಮ್ರಾಜ್ಯ ಬಿತ್ತು. ಒಬ್ಬ ನಟ ಹುಟ್ಟಿದ. ಭೂಕಂಪದಲ್ಲಿ ಸಾವಿರಾರು ಜನ ಸತ್ತರು. ಯಾರೋ ಝಿಪ್ಪಿಗೆ ಪೇಟೆಂಟ್ ಪಡೆದರು. ಎಲ್ಲರಿಗೂ ಒಂದೊಂದೇ ಸಾಲು, ಯಾರಿಗೂ ಅನ್ಯಾಯವಿಲ್ಲ. ಕೊನೆಗೆ ಎರಡು ಕೈ ಮುಗಿದ ಚಿತ್ರ. ಅದು ಸತ್ತವರಿಗೋ ಝಿಪ್ಪಿಗೋ, ಗೊತ್ತಾಗುವುದಿಲ್ಲ.

ಇಷ್ಟಕ್ಕೇ ನಿಂತಿದ್ದರೆ ಸರಿ. ಎರಡು ಘಟನೆ ಒಂದೇ ತಾರೀಕಿಗೆ ಬಿದ್ದರೆ ಓದಿದವರಿಗೆ ಮೈ ಜುಮ್ಮೆನ್ನುತ್ತದೆ. ‘ಇದರಲ್ಲಿ ಏನೋ ಇದೆ’ ಅನ್ನುತ್ತಾರೆ. ಏನಿದೆ ಅಂತ ಕೇಳಬಾರದು. ಇರುವುದೇ 366 ತಾರೀಕು, ಅದರಲ್ಲೂ ಒಂದು ಅಪರೂಪಕ್ಕೆ ಮುಖ ತೋರಿಸುವಂಥದ್ದು. ಸಾವಿರಾರು ವರ್ಷಗಳ ಗಲಾಟೆಯೆಲ್ಲ ಅಷ್ಟರಲ್ಲೇ ಹಿಡಿಸಬೇಕು. ಮೈಗೆ ಮೈ ತಾಗುತ್ತದೆ, ಅಲ್ವಾ?

ಗೆಲಿಲಿಯೋ ಸತ್ತ ವರ್ಷವೇ ನ್ಯೂಟನ್ ಹುಟ್ಟಿದ ಎಂಬ ಮಾತನ್ನೇ ನೋಡಿ. ಅವನು 1642ರ ಜನವರಿ 8ಕ್ಕೆ ಹೋದ, ಇವನು 1642ರ ಡಿಸೆಂಬರ್ 25ಕ್ಕೆ ಬಂದ. ತೊಡಕು ಒಂದೇ. ಇಟಲಿ 1582ರಲ್ಲೇ ಹೊಸ ಗ್ರೆಗೋರಿಯನ್ ಕ್ಯಾಲೆಂಡರಿಗೆ ಹೋಗಿತ್ತು. ಪೋಪ್ ಹೇಳಿದ್ದನ್ನು ನಾವು ಕೇಳುವುದೇ ಎಂದು ಇಂಗ್ಲೆಂಡ್ 1752ರವರೆಗೂ ಹಳೆಯ ಜೂಲಿಯನ್ ಕ್ಯಾಲೆಂಡರನ್ನೇ ಹಿಡಿದು ಕೂತಿತ್ತು. ಆಗ ಎರಡಕ್ಕೂ 10 ದಿನ ವ್ಯತ್ಯಾಸ. ಇಟಲಿಯ ಲೆಕ್ಕದಲ್ಲಿ ನ್ಯೂಟನ್ ಹುಟ್ಟಿದ್ದು 1643ರ ಜನವರಿ 4. ಇಂಗ್ಲೆಂಡಿನ ಲೆಕ್ಕದಲ್ಲಿ ಗೆಲಿಲಿಯೋ ಸತ್ತಿದ್ದು 1641ರ ಡಿಸೆಂಬರ್ 29. ಯಾವ ಕಡೆಯಿಂದ ಬಂದರೂ ವರ್ಷ ಕೂಡುವುದಿಲ್ಲ. ಸಾವನ್ನು ಒಂದು ಕ್ಯಾಲೆಂಡರಿನಿಂದ, ಹುಟ್ಟನ್ನು ಇನ್ನೊಂದರಿಂದ ಎತ್ತಿಕೊಂಡು ಬಂದರೆ ಮಾತ್ರ ವಿಧಿಯ ಲೀಲೆ ಕಾಣಿಸುತ್ತದೆ.

ಶೇಕ್ಸ್‌ಪಿಯರ್ ಮತ್ತು ಸ್ಪೇನಿನ ಕಾದಂಬರಿಕಾರ ಸರ್ವಾಂಟಿಸ್ ಕಥೆಯೂ ಅದೇ. ಇಬ್ಬರೂ 1616ರ ಏಪ್ರಿಲ್ 23ಕ್ಕೆ ತೀರಿಕೊಂಡರು ಎಂದು ಯುನೆಸ್ಕೋ ಆ ದಿನವನ್ನು 1995ರಲ್ಲಿ ವಿಶ್ವ ಪುಸ್ತಕ ದಿನ ಮಾಡಿತು. ಸ್ಪೇನಿನದು ಹೊಸ ಕ್ಯಾಲೆಂಡರ್, ಇಂಗ್ಲೆಂಡಿನದು ಹಳೆಯದು. ಸ್ಪೇನಿನಲ್ಲಿ 23 ಬಂದಾಗ ಶೇಕ್ಸ್‌ಪಿಯರನಿಗೆ ಇನ್ನೂ 10 ದಿನ ಆಯಸ್ಸಿತ್ತು. ಸಾಲದ್ದಕ್ಕೆ ಸರ್ವಾಂಟಿಸ್ ಸತ್ತಿದ್ದು 22ಕ್ಕೆ, 23 ಮಣ್ಣು ಮಾಡಿದ ದಿನ ಎನ್ನುವವರೇ ಜಾಸ್ತಿ. ಇರಲಿ ಬಿಡಿ, ಪುಸ್ತಕ ಓದೋಕೆ ಒಂದು ನೆಪ ಸಿಕ್ಕಿತಲ್ಲ.

ಸ್ಟೀಫನ್ ಹಾಕಿಂಗ್ ಹುಟ್ಟಿದ್ದು ಗೆಲಿಲಿಯೋ ಸತ್ತು ಸರಿಯಾಗಿ 300 ವರ್ಷಕ್ಕೆ, 1942ರ ಜನವರಿ 8ರಂದು. ಈ ಲೆಕ್ಕ ಪಕ್ಕಾ. ಆದರೆ ಅದೇ ದಿನ ಇನ್ನೂ ಸುಮಾರು ಎರಡು ಲಕ್ಷ ಮಕ್ಕಳು ಹುಟ್ಟಿರಬೇಕು ಎಂದು ಅವರೇ ತಮಾಷೆ ಮಾಡಿದ್ದರು. ಆ ಮಾತನ್ನು ಮಾತ್ರ ಯಾರೂ ಫಾರ್ವರ್ಡ್ ಮಾಡುವುದಿಲ್ಲ.

ತಾರೀಕು ನಿಜಕ್ಕೂ ಭಾರವಾಗಿರುವ ಕಡೆಯೂ ಉಂಟು. ಜರ್ಮನಿಯ ನವೆಂಬರ್ 9. 1918ರಲ್ಲಿ ಆ ದಿನ ಗಣರಾಜ್ಯ ಘೋಷಣೆಯಾಯಿತು. 1923ರಲ್ಲಿ ಮ್ಯೂನಿಕ್‌ನಲ್ಲಿ ಹಿಟ್ಲರನ ದಂಗೆ ನೆಲಕಚ್ಚಿತು. 1938ರಲ್ಲಿ ಯಹೂದಿಗಳ ಅಂಗಡಿಗಳು ಪುಡಿಯಾದವು, ಪ್ರಾರ್ಥನಾ ಮಂದಿರಗಳು ಉರಿದವು. 1989ರಲ್ಲಿ ಬರ್ಲಿನ್ ಗೋಡೆ ತೆರೆಯಿತು. ಇದನ್ನೂ ಗ್ರಹಗತಿ ಅನ್ನುವವರಿದ್ದಾರೆ. 1938ರಲ್ಲಿ ನಾಜಿ ನಾಯಕರು ಮ್ಯೂನಿಕ್‌ನಲ್ಲಿ ಸೇರಿದ್ದೇ 1923ರ ದಂಗೆಯ ನೆನಪಿಗೆ, ಹಿಂಸೆಗೆ ಕಿಡಿ ಹಚ್ಚಿದ್ದು ಆ ಕೂಟದಲ್ಲೇ. ಗ್ರಹಗಳು ಪಾಪ, ಸುಮ್ನೆ ಇದ್ದವು. ಮುಂದೆ ದೇಶ ಒಂದಾದಾಗ ರಾಷ್ಟ್ರೀಯ ಹಬ್ಬಕ್ಕೆ ಗೋಡೆಯ ದಿನ ಬೇಡವೆಂದು ಅಕ್ಟೋಬರ್ 3 ಇಟ್ಟುಕೊಂಡರು. ನಮ್ಮ ಬೆಳಗಿನ ಸಂದೇಶದಲ್ಲಿ ಇದಕ್ಕೂ ಒಂದು ಸಾಲು, ಪಕ್ಕದಲ್ಲಿ ಯಾರದೋ ಹುಟ್ಟುಹಬ್ಬ.

ಈ ವಿಷಯದಲ್ಲಿ ಅಮೆರಿಕದ ಹಳೆಯ ಅಧ್ಯಕ್ಷರನ್ನು ಮೆಚ್ಚಲೇಬೇಕು. ಸ್ವಾತಂತ್ರ್ಯ ಘೋಷಣೆಗೆ 50 ವರ್ಷ ತುಂಬಿದ 1826ರ ಜುಲೈ 4ರಂದೇ ಎರಡನೆಯ ಅಧ್ಯಕ್ಷ ಆಡಮ್ಸ್, ಮೂರನೆಯ ಅಧ್ಯಕ್ಷ ಜೆಫರ್ಸನ್ ಇಬ್ಬರೂ ತೀರಿಕೊಂಡರು. ದೇವರೇ ರುಜು ಹಾಕಿದ ಎಂದರು ಜನ. ಐದನೆಯವರಾದ ಮನ್ರೋ 1831ರ ಜುಲೈ 4ಕ್ಕೆ ಹೋಗಿ ಸಂಪ್ರದಾಯ ಉಳಿಸಿದರು. ನಡುವೆ ಉಳಿದವರು ನಾಲ್ಕನೆಯ ಮ್ಯಾಡಿಸನ್. 1836ರ ಜೂನ್ 28ಕ್ಕೆ ಹೊರಟೇಬಿಟ್ಟರು! ಇನ್ನು ಆರು ದಿನ ತಡೆದುಕೊಂಡಿದ್ದರೆ ಅವರ ಗಂಟೇನು ಹೋಗುತ್ತಿತ್ತು? ಸಂವಿಧಾನದ ಪಿತಾಮಹ ಅಂತೆ. ಕ್ಯಾಲೆಂಡರ್ ನೋಡುವ ಅಭ್ಯಾಸ ಇರಲಿಲ್ಲ.